ಎಡಗೈ ಗುರುತು

ಹೋದ ತಿಂಗಳು ನಮ್ಮ ಓಣಿಯ ಕಾಂತಾಬಾಯಿ ಮನೆಗೆ ಬಂದಳು. ಬಾಗಿಲು ಮುಂದೆ ಮಾಡಿ, ಕುಪ್ಪಸ ಸರಿಸಿ ಎದೆ ತೋರಿಸಿದಳು. ಎರಡು ಬರೆ, ಇನ್ನೂ ಹಸಿಯಾಗಿದ್ದವು. ಸುತ್ತಲೂ ಮೈಲಾರಲಿಂಗನ ಭಂಡಾರ, ಅಂದರೆ ದೇವರ ಅರಿಷಿಣ, ದಪ್ಪಗೆ ಬಳಿದಿತ್ತು. ಒಳಗೆ ಗಂಟು ಯಾವಾಗಿನಿಂದ ಇದೆ ಎಂದರೆ ಮಳೆಗಾಲದಿಂದ ಎಂದಳು. ದವಾಖಾನೆಗೆ ಹೋಗದೆ ಬರೆ ಯಾಕೆ ಹಾಕಿಸಿಕೊಂಡೆ ಎಂದು ಕೇಳಿದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು.

“ನಿಮ್ಮ ಅಜ್ಜಿಗಿ ಹಿಂಗೇ ಮಾಡಿ ಆರಾಮ ಆಗಿತ್ತಲ್ಲರಿ, ಅಕ್ಕೋರ? ಚಿಂತಾಕಿ ಊರಿಗೆಲ್ಲ ಗೊತ್ತಿದ್ದ ಮಾತು. ನಿಮ್ಮ ಸಣ್ಣ ಮುತ್ಯಾ ಕಾಶೀರಾಮ ಬರಿ ಎಳೆದು, ಭಂಡಾರ ಹಚ್ಚಿ ಉಳಿಸಿದ್ನಂತ. ನಮ್ಮ ಮನ್ಯಾಗಿನವ್ರೂ ಹಂಗೇ ಮಾಡ್ಯಾರ.”

ನನಗೆ ಮೈಯೆಲ್ಲ ಉರಿಯಿತು. ಔರಾದಿನ ಸಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ನನ್ನದೇ ಮನೆಯ ಕಥೆಯನ್ನು ಊರು ಹೀಗೆ ತಿರುಚಿ ಹೇಳುತ್ತಿದ್ದರೂ ಇಷ್ಟು ದಿನ ಹಳ್ಳಿಯ ಮಾತು ಎಂದು ನಕ್ಕು ಬಿಡುತ್ತಿದ್ದೆ. ಇನ್ನು ನಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ನನಗೆ ಇದನ್ನು ಹೇಳಿದವಳು ಅಜ್ಜಿಯೇ. ಅವಳ ಹೆಸರು ಸಖುಬಾಯಿ.

ಸಖುಬಾಯಿಯ ಗಂಡ ಮಡೆಪ್ಪ ವಾಂತಿಭೇದಿಯಿಂದ ಸತ್ತಾಗ ನಮ್ಮಪ್ಪ ಬಕ್ಕಪ್ಪ ಸಣ್ಣ ಹುಡುಗ, ನಮ್ಮ ಸೋದರತ್ತೆ ಸತ್ಯಮ್ಮ ಇನ್ನೂ ಹೊಟ್ಟೆಯಲ್ಲಿದ್ದಳು. ಆಗ ನಮ್ಮದು ಹೈದರಾಬಾದ್ ರಾಜ್ಯ. ನಿಜಾಮನ ಆಳ್ವಿಕೆ ಮುಗಿದಿತ್ತು, ಕರ್ನಾಟಕ ಇನ್ನೂ ಬಂದಿರಲಿಲ್ಲ. ಮನೆಗೆ ಇದ್ದ ಆಸ್ತಿ ಎಂದರೆ ಕುರಿ ಹಿಂಡು. ಅದರಲ್ಲಿ ಅರ್ಧ ಮಡೆಪ್ಪನದು, ಅರ್ಧ ಅವನ ತಮ್ಮ ಕಾಶೀರಾಮನದು. ಗಂಡ ಸತ್ತ ಮೇಲೆ ಅವನ ಕಂಬಳಿಯನ್ನು ತಾನು ಹೊದ್ದು, ಅವನ ಕೋಲನ್ನು ತಾನು ಹಿಡಿದು ಸಖುಬಾಯಿ ಹಿಂಡಿನ ಹಿಂದೆ ನಡೆದಳು. ಬೆನ್ನಿಗೆ ಕೂಸು ಕಟ್ಟಿಕೊಂಡು ಔರಾದಿನಿಂದ ಭಾಲ್ಕಿ ಕಡೆಗೆ, ಅಲ್ಲಿಂದ ಬೀದರಿನ ಅಷ್ಟೂರದ ಹೊಲಗಳಿಗೆ, ಗೊಬ್ಬರಕ್ಕೆಂದು ರಾತ್ರಿ ಕುರಿ ಕೂಡಿಸುತ್ತ ಅಲೆದಳು. ಹೆಂಗಸು ಹಿಂಡು ಕಾಯುವುದೇ ಎಂದು ಆಡಿಕೊಂಡವರು ಅವಳ ಕುರಿಯ ಗೊಬ್ಬರವನ್ನು ಮಾತ್ರ ಬೇಡ ಎನ್ನಲಿಲ್ಲ.

ನಮ್ಮವರಲ್ಲಿ ಒಂದು ರೂಢಿ ಇತ್ತು. ಚಳಿಗಾಲದಲ್ಲಿ ಹುಟ್ಟಿದ ಮರಿಗಳಿಗೆ ಶಿವರಾತ್ರಿ ಕಳೆದ ಮೊದಲ ಭಾನುವಾರ ಕಿವಿಗುರುತು ಹಾಕುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ತರಹದ ಕಚ್ಚು. ಗುರುತನ್ನು ಒಡೆಯನೇ ತನ್ನ ಕೈಯಾರೆ ಹಾಕಬೇಕು. ಒಡೆಯ ಅವತ್ತು ದೊಡ್ಡಿಗೆ ಬರದಿದ್ದರೆ ಅವನ ಕುರಿ ಹಾಕಿದ ಮರಿಗಳೆಲ್ಲ ಹಿಂಡು ಕಾದವನ ಪಾಲು. ಒಂದು ವರ್ಷದ ಮರಿ ಹೋದರೆ ವಿಧವೆಯ ಹಿಂಡು ಹೋದ ಹಾಗೆಯೇ. ಮುದಿ ಕುರಿಗಳಷ್ಟೇ ಉಳಿಯುತ್ತವೆ. ಆಮೇಲೆ ಅವಳು ಮೈದುನನ ಮನೆಯಲ್ಲಿ ಕೂಲಿಯಾಳು, ಅವಳ ಮಕ್ಕಳು ಅವನ ಮಕ್ಕಳ ಆಳು. ಇದು ಸಖುಬಾಯಿಗೂ ಗೊತ್ತಿತ್ತು, ಕಾಶೀರಾಮನಿಗೂ ಗೊತ್ತಿತ್ತು.

ಸತ್ಯಮ್ಮನಿಗೆ ಹಾಲು ಕುಡಿಸುವಾಗ ಬಲ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಹಾಲು ಗಟ್ಟಿಯಾಗಿರಬೇಕು ಎಂದು ಸಖುಬಾಯಿಯ ಅತ್ತೆ ಜಿಜಾಬಾಯಿ ಎಣ್ಣೆ ತಿಕ್ಕಿದಳು. ಕರಗಲಿಲ್ಲ. ಆಗ ಕಾಶೀರಾಮನಿಗೆ ತನ್ನ ವಿದ್ಯೆ ನೆನಪಾಯಿತು. ಕುರಿಗೆ ಕೆಚ್ಚಲು ಬಾವು ಬಂದರೆ ಸುತ್ತ ಹತ್ತೂರಿನವರು ಅವನನ್ನೇ ಕರೆಯುತ್ತಿದ್ದರು. ಸುಣ್ಣ ಅರಿಷಿಣ ಕಲಸಿ ಬಿಸಿಬಿಸಿಯಾಗಿ ಹಚ್ಚುತ್ತಿದ್ದ. ಅದಕ್ಕೂ ಇಳಿಯದಿದ್ದರೆ ಕುಡುಗೋಲಿನ ತುದಿ ಕಾಸಿ ಬರೆ ಎಳೆಯುತ್ತಿದ್ದ. ಅರ್ಧಕ್ಕರ್ಧ ಕುರಿಗಳಿಗೆ ವಾಸಿಯಾಗುತ್ತಿತ್ತು. ವಾಸಿಯಾಗದವನ್ನು ಕಟುಕರಿಗೆ ಕೊಡುತ್ತಿದ್ದ. ಆ ಲೆಕ್ಕವನ್ನು ಯಾರೂ ಇಡಲಿಲ್ಲ.

“ಎಲ್ಲಾ ಒಂದೇ ವೈನಿ. ಕುರಿ ಹಾಲು ಕೊಡ್ತದ, ನೀನೂ ಹಾಲು ಕೊಡ್ತಿ. ಬಾವು ಬಾವೇ” ಎಂದನಂತೆ ಅತ್ತಿಗೆಗೆ.

ಮಳೆಗಾಲವೆಲ್ಲ ಸುಣ್ಣ ಅರಿಷಿಣದಲ್ಲಿ ಹೋಯಿತು. ದಸರೆಯ ಹೊತ್ತಿಗೆ ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಬರೆ ಎಳೆದ ದಿನ ಜಿಜಾಬಾಯಿ ಸೊಸೆಯನ್ನು ಹಿಂದಿನಿಂದ ಅವಚಿ ಹಿಡಿದು, ಸೆರಗು ಮುಚ್ಚಿ, ಗಂಟಿನ ಜಾಗವಷ್ಟೇ ಕಾಣುವ ಹಾಗೆ ಮಾಡಿದಳು. ಕಾಶೀರಾಮ ಮುಖ ಆಚೆ ತಿರುಗಿಸಿಕೊಂಡು ಕಬ್ಬಿಣ ಇಟ್ಟ. ಅಣ್ಣನ ಹೆಂಡತಿ ನೋಡು, ಮರ್ಯಾದೆ! ನೋಡದೆ ಇಟ್ಟದ್ದರಿಂದ ಒಂದು ಬರೆ ಜಾಗ ತಪ್ಪಿತು, ಇನ್ನೊಂದು ಎಳೆದ. ಕಬ್ಬಿಣ ಕಾಸುವಾಗ ಎಲ್ಲಿ ಹೋಗಿತ್ತೋ ಈ ಮರ್ಯಾದೆ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸಖುಬಾಯಿ ಕಿರುಚಲಿಲ್ಲ. ಕುರಿಗಳಿಗೆ ಬರೆ ಹಾಕುವಾಗ ಅವಳೂ ಕಾಲು ಹಿಡಿದವಳೇ. ತನಗೂ ಇದು ನಾಟುತ್ತದೆ ಎಂದು ಅವಳೂ ನಂಬಿದ್ದಳು.

ಬರೆಯ ಗಾಯ ಮಾಯಲಿಲ್ಲ. ಕೀವಾಯಿತು, ನಾರತೊಡಗಿತು. ದೀಪಾವಳಿ ಕಳೆದು ಹಿಂಡು ಭಾಲ್ಕಿ ಕಡೆ ಇದ್ದಾಗ ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಅವಳು ಭಾಲ್ಕಿಯ ದವಾಖಾನೆಗೆ ನಡೆದಳು. ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದಳು. ಗಾಯ ನೋಡಿದವಳೇ ಕಂಕುಳಲ್ಲಿ ಕೈಹಾಕಿ ಒತ್ತಿ ನೋಡಿ, ಯಾರು ಈ ಬರೆ ಎಳೆದದ್ದು ಎಂದು ಕೂಗಾಡಿದಳಂತೆ. ಆಮೇಲೆ ಕುರ್ಚಿಯ ಮೇಲೆ ಕೂಡಿಸಿ, ಇದು ಬಾವಲ್ಲ, ಹುಣ್ಣಿನ ಗಂಟು, ಜೀವ ತಿನ್ನುತ್ತದೆ, ಹೈದರಾಬಾದಿಗೆ ಹೋಗಿ ಎದೆ ತೆಗೆಸಿಕೋ, ತೆಗೆದ ಮೇಲೆ ಮಷೀನಿನಿಂದ ಬಿಜಲಿ ಕೊಡುತ್ತಾರೆ, ಅದನ್ನು ಪೂರ್ತಿ ತಗೋ, ನಡುವೆ ಬಿಟ್ಟು ಬಂದರೆ ಮತ್ತೆ ಹುಟ್ಟುತ್ತದೆ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅವಳ ಹೆಸರು ಅಜ್ಜಿಗೆ ಗೊತ್ತಾಗಲೇ ಇಲ್ಲ. ಊರ ಕಥೆಯಲ್ಲಿ ಆ ಹೆಂಗಸಿಗೆ ಒಂದು ಮಾತಿನ ಜಾಗವೂ ಇಲ್ಲ.

ಹಿಂಡಿಗೆ ವಾಪಸ್ ಬಂದು ಹೇಳಿದಾಗ ಕಾಶೀರಾಮ ನಕ್ಕ.

“ಎದಿ ಕೊಯ್ಸಿಕೊಂಡು ಬಂದು ಯಾವ ಕೆಲಸಕ್ಕ ಬರ್ತಿ ವೈನಿ? ಇಲ್ಲಿ ಕುರಿ ಈಯೋ ಹೊತ್ತು. ಹೋಗೋದಾದ್ರ ಹೋಗು. ಗುರುತಿನ ದಿನ ಬರ್ಲಿಲ್ಲಂದ್ರ ಮರಿ ನಂದು. ರೂಢಿ ನಿನಗೂ ಗೊತ್ತದ.”

“ಬರ್ತೇನಿ. ಅವತ್ತ ದೊಡ್ಡ್ಯಾಗ ನಿಂತಿರ್ತೇನಿ” ಎಂದಳು ಸಖುಬಾಯಿ. ಮಕ್ಕಳಿಬ್ಬರನ್ನೂ ಅತ್ತೆಯ ಕೈಗೆ ಕೊಟ್ಟಳು. ಜಿಜಾಬಾಯಿ ಸತ್ಯಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಆಡಿನ ಹಾಲು ಕರೆಯಲು ಹೋದಳು. ಸಖುಬಾಯಿ ಭಾಲ್ಕಿಯಲ್ಲಿ ರೈಲು ಹತ್ತಿದಳು. ಹುಟ್ಟಿದ ಮೇಲೆ ಮೊದಲ ಸಲ.

ಹೈದರಾಬಾದಿನಲ್ಲಿ ಅವಳಿಗೆ ಗೊತ್ತಿದ್ದವಳು ಒಬ್ಬಳೇ, ಖತೀಜಾ ಬೇಗಂ. ಅವಳ ಗಂಡ ಲಾಲ ಅಹ್ಮದ ಬೀದರಿನಲ್ಲಿ ಉಣ್ಣೆ ಕೊಳ್ಳುವವನು, ನಮ್ಮ ಮನೆಯ ಉಣ್ಣೆಯೆಲ್ಲ ಅವನಿಗೇ ಹೋಗುತ್ತಿತ್ತು. ನಲವತ್ತೆಂಟರಲ್ಲಿ ಭಾರತದ ಮಿಲಿಟರಿ ಬಂತು. ಅದಕ್ಕೆ ಮುಂಚೆ ನಿಜಾಮನ ಕಡೆಯ ರಜಾಕಾರರು ನಮ್ಮ ಹಿಂಡಿನಿಂದ ಬೇಕೆಂದಾಗ ಕುರಿ ಎಳೆದೊಯ್ದಿದ್ದರು, ಊರೂರಿನಲ್ಲಿ ಜನರನ್ನು ಹೊಡೆದಿದ್ದರು. ಆ ಸಿಟ್ಟನ್ನು ನಮ್ಮವರು ಯಾರ ಮೇಲೆ ತೀರಿಸಿಕೊಂಡರು? ಉಣ್ಣೆ ತರಲು ಹಳ್ಳಿಗೆ ಹೋಗಿದ್ದ ಲಾಲ ಅಹ್ಮದನ ಮೇಲೆ. ಅವನ ಹೆಣವೂ ಸಿಗಲಿಲ್ಲ. ಸಾಲೆಯ ಪುಸ್ತಕದಲ್ಲಿ ಪೊಲೀಸ್ ಕಾರ್ಯಾಚರಣೆ ಎಂದು ಎರಡು ಸಾಲು ಇರುತ್ತದೆ, ನಾನೂ ಅದನ್ನೇ ಓದಿಸಿದ್ದೇನೆ. ಖತೀಜಾ ಬೇಗಂ ಆ ಎರಡು ಸಾಲಿನಲ್ಲಿ ಇಲ್ಲ. ಆಗ ಬೀದರಿನಲ್ಲಿ ಅವಳ ಮನೆಗೆ ಹಾಲು ಹಾಕುವವರೂ ಹೋಗುತ್ತಿರಲಿಲ್ಲ. ಅಷ್ಟೂರದಲ್ಲಿ ಹಿಂಡು ಕೂಡಿಸಿದ್ದ ಸಖುಬಾಯಿ ದಿನಾ ಬೆಳಿಗ್ಗೆ ಒಂದು ಚೊಂಬು ಆಡಿನ ಹಾಲು ಒಯ್ದು, ಮುಂಬಾಗಿಲಿನಿಂದಲೇ ಒಳಗೆ ಹೋಗಿ ಅವಳ ಮಕ್ಕಳಿಗೆ ಕುಡಿಸಿ ಬರುತ್ತಿದ್ದಳು. ಹಿತ್ತಿಲ ಬಾಗಿಲಿನಿಂದ ಹೋಗು ಎಂದು ಮಡೆಪ್ಪ ಹೇಳಿದರೂ ಕೇಳಲಿಲ್ಲ. ಆಮೇಲೆ ಖತೀಜಾ ಹೈದರಾಬಾದಿನಲ್ಲಿ ಗಾದಿ ಅಂಗಡಿ ಇಟ್ಟಿದ್ದ ಅಣ್ಣನ ಮನೆ ಸೇರಿಕೊಂಡಳು.

ಗಾದಿ ಅಂಗಡಿ ಕೇಳಿಕೊಂಡು ಬಂದ ಸಖುಬಾಯಿಯನ್ನು ನೋಡಿ ಖತೀಜಾ, ಏನಾಗಿದೆ ಎಂದು ಕೇಳುವ ಮೊದಲೇ ನೀರು ಕಾಸಲು ಇಟ್ಟಳಂತೆ. ಮರುದಿನ ಇಬ್ಬರೂ ದೊಡ್ಡ ದವಾಖಾನೆಗೆ ಹೋದರು. ಅಲ್ಲಿಯ ಕಂಪೌಂಡರ್ ಕಂಬಳಿಯ ವಾಸನೆಗೆ ಮೂಗು ಮುಚ್ಚಿಕೊಂಡ. ಡಾಕ್ಟರು ಉರ್ದುವಿನಲ್ಲಿ, ಜೊತೆಗೆ ಗಂಡಸರು ಯಾರು ಬಂದಿದ್ದಾರೆ, ಅವರು ಒಪ್ಪದೆ ಕೊಯ್ಯುವುದು ಹೇಗೆ ಎಂದರು. ಖತೀಜಾ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಸಖುಬಾಯಿಗೆ ತಡೆಯಲಾಗಲಿಲ್ಲ.

“ಎದಿ ನಂದದ ಅಂತ ಹೇಳು ಬೀಬಿ. ಗಂಡಸರ ಮಾತು ಕೇಳಿಯೇ ಬರಿ ಹಾಕಿಸ್ಕೊಂಡು ಬಂದೇನಿ, ಇನ್ನೂ ಯಾರನ್ನ ಕೇಳ್ಬೇಕಂತ?”

ಖತೀಜಾ ಅದನ್ನು ಒಂದಕ್ಷರವೂ ಮೆತ್ತಗೆ ಮಾಡದೆ ಉರ್ದುವಿನಲ್ಲಿ ಹೇಳಿದಳು. ಡಾಕ್ಟರು ರಿಜಿಸ್ಟರ್ ತೆರೆದರು. ಕೊಯ್ಯುವ ದಿನ ಗೊತ್ತು ಮಾಡಿದರು.

ಬಲ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ಗಾಯ ಒಣಗುವ ಹೊತ್ತಿಗೆ ಬಲಗೈ ಬಾತು ಬೆರಳು ಮಡಿಸಲು ಬರದಂತಾಯಿತು. ಆಮೇಲೆ ದಿನಾ ಬಿಜಲಿಗೆ, ಅಂದರೆ ಈಗ ರೇಡಿಯೇಷನ್ ಎನ್ನುವುದಕ್ಕೆ, ಮಷೀನಿನ ಕೆಳಗೆ ಮಲಗುವುದು. ನೋವಿಲ್ಲ, ಸದ್ದಷ್ಟೇ. ಆದರೆ ಬರಬರುತ್ತ ಚರ್ಮ ಕೆಂಪಾಗಿ, ಕಪ್ಪಾಗಿ, ಸಿಪ್ಪೆ ಏಳತೊಡಗಿತು. ನೀರು ತಾಗಿಸಬೇಡ, ಎಣ್ಣೆ ಅರಿಷಿಣ ಏನೂ ಹಚ್ಚಬೇಡ ಎಂದು ಹೇಳಿದ್ದರು. ಎಡಗೈಯಿಂದ ಖತೀಜಾಳ ಅಣ್ಣನ ಅಂಗಡಿಗೆ ಉಣ್ಣೆ ಬಿಡಿಸಿಕೊಡುತ್ತಿದ್ದಳು. ಬಿಟ್ಟಿ ಕೂತು ಉಂಡು ಅವಳಿಗೆ ಗೊತ್ತಿರಲಿಲ್ಲ. ಮಕ್ಕಳ ನೆನಪಾದಾಗ ಒಂದು ಹಿಡಿ ಉಣ್ಣೆ ಮೂಗಿಗೆ ಹಿಡಿದು ಮೂಸುತ್ತಿದ್ದೆ ಎಂದು ನನಗೆ ಹೇಳಿದ್ದಾಳೆ. ಸತ್ಯಮ್ಮ ತನ್ನ ಗುರುತು ಮರೆತಿದ್ದರೆ ಎಂದು ಹೆದರಿಕೆಯಾಗುತ್ತಿತ್ತಂತೆ.

ಶಿವರಾತ್ರಿಗೆ ಮೊದಲೇ ಬಿಜಲಿ ಮುಗಿಯಬೇಕಿತ್ತು. ಆದರೆ ನಡುವೆ ಮಷೀನು ಕೆಟ್ಟು ಕೆಲವು ದಿನ ನಿಂತಿತು. ಎಣಿಸಿ ನೋಡಿದರೆ ಕೊನೆಯ ಸರದಿ ಗುರುತಿನ ಭಾನುವಾರದ ಹಿಂದಿನ ದಿನಕ್ಕೆ ಬಂತು. ಮಷೀನು ಇನ್ನೊಂದು ದಿನ ಕೆಟ್ಟರೆ ಮರಿಗಳು ಹೋದವು. ಸಖುಬಾಯಿ ಗಂಟು ಕಟ್ಟಿದಳು. ಖತೀಜಾ ಗಂಟು ಕಸಿದು ಬಿಚ್ಚಿದಳು.

“ಪಾಗಲ್ ಆಗಿದ್ದಿಯೇನು ಸಖು? ಅಷ್ಟು ತಗೊಂಡಿದ್ದಿ, ಇಷ್ಟು ಬಿಟ್ಟು ಹೋಗ್ತಿಯಾ? ಮರಿ ಮುಂದಿನ ವರ್ಷಾನೂ ಹುಟ್ತಾವ.”

“ಮುಂದಿನ ವರ್ಷ ಹುಟ್ಟೋ ಮರಿ ಕಾಶೀರಾಮನವು ಬೀಬಿ. ನನ್ನ ಮಕ್ಕಳು ಅವನ ಮನಿ ಸೆಗಣಿ ಬಳೀಬೇಕೇನು?”

“ನೀ ಸತ್ರ ಬಳಿಯಂಗಿಲ್ಲೇನು? ಲಾಲ ಅಹ್ಮದಗೂ ಹೋಗಬ್ಯಾಡ ಅಂದಿದ್ದೆ. ಉಣ್ಣಿ ಮಾತು ಆಗ್ಯದ, ಎರಡು ದಿನದಾಗ ಬರ್ತೇನಿ ಅಂದು ಹೋದ. ಇನ್ನೊಬ್ರನ್ನ ಹಂಗ ಕಳಸಂಗಿಲ್ಲ ನಾ.”

ಸಖುಬಾಯಿ ಕೂತುಬಿಟ್ಟಳು. ಕೊನೆಯ ದಿನದವರೆಗೂ ಮಷೀನಿನ ಕೆಳಗೆ ಮಲಗಿದಳು. ಪುಣ್ಯಕ್ಕೆ ಅದು ಮತ್ತೆ ಕೆಡಲಿಲ್ಲ. ಶನಿವಾರ ಸರದಿ ಮುಗಿಸಿ, ಇನ್ನೆರಡು ದಿನ ಇಲ್ಲೇ ಮಲಗಿರು ಎಂದ ಡಾಕ್ಟರಿಗೆ ಕೈ ಮುಗಿದು ನೇರ ಸ್ಟೇಷನ್ನಿಗೆ ಹೋದಳು. ಬೀದರಿನಲ್ಲಿ ಇಳಿದು ಬೆಳಗಿನ ಮೋಟಾರಿನಲ್ಲಿ ಔರಾದಿಗೆ ಬಂದಳು. ಚಿಂತಾಕಿಯ ಕಡೆ ಹೊರಟಿದ್ದ ಒಂದು ಬಂಡಿಯಲ್ಲಿ ಕಡಲೆಹೊಟ್ಟಿನ ಮೇಲೆ ಕೂತಳು. ಕುಲುಕಿದಾಗಲೆಲ್ಲ ಸುಟ್ಟ ಚರ್ಮ ಕುಪ್ಪಸಕ್ಕೆ ಅಂಟಿ ಕಿತ್ತು ಬರುತ್ತಿತ್ತು.

ಅವಳು ದೊಡ್ಡಿ ಮುಟ್ಟಿದಾಗ ಗುರುತು ಶುರುವಾಗಿತ್ತು. ನಮ್ಮ ಕುಲದ ಹಿರಿಯ ಪಂಢರಿ ಭಂಡಾರದ ಚೀಲ ಇಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದ. ಕಾಶೀರಾಮ ತನ್ನ ಮರಿ ಮುಗಿಸಿ ಸಖುಬಾಯಿಯ ಮರಿಗಳಿಗೆ ಕೈ ಹಚ್ಚಿದ್ದ. ಕೆಲವು ಆಗಲೇ ಅವನ ಕಚ್ಚು ಬಿದ್ದು ಕಿವಿಯಲ್ಲಿ ರಕ್ತ ಸುರಿಸುತ್ತ ನಿಂತಿದ್ದವು.

“ಬಿಡು ಕಾಶೀರಾಮ. ಬಂದೇನಿ” ಎಂದಳು.

ಎಲ್ಲರೂ ತಿರುಗಿ ನೋಡಿದರು. ಒಂದು ಕಡೆ ಬರಿದಾದ ಎದೆಯನ್ನು, ಬಾತ ಕೈಯನ್ನು ಕಣ್ಣು ತುಂಬ ನೋಡಿದರು. ಹೇಗಿದ್ದೀ ಎಂದು ಒಬ್ಬನೂ ಕೇಳಲಿಲ್ಲ. ಸತ್ಯಮ್ಮ ಜಿಜಾಬಾಯಿಯ ಸೆರಗಿನ ಹಿಂದೆ ಅಡಗಿಕೊಂಡಿತು. ಸಖುಬಾಯಿ ಅದರ ಕಡೆ ನೋಡಿದರೆ ಅಳು ಬರುತ್ತದೆ ಎಂದು ನೋಡದೆ ಚಾಕು ಕೇಳಿದಳು. ಬಲಗೈಯಲ್ಲಿ ಹಿಡಿಯಲು ಹೋದಳು. ಬೆರಳು ಮಡಿಸಲಾಗಲಿಲ್ಲ. ಚಾಕು ನೆಲಕ್ಕೆ ಬಿತ್ತು. ಯಾರೋ ಕಿಸಕ್ಕೆಂದು ನಕ್ಕರು. ಅವಳು ಬಾಗಿ ಅದನ್ನು ಎಡಗೈಯಿಂದ ಎತ್ತಿಕೊಂಡಳು.

“ಎಡಗೈ ನಡೆಯಂಗಿಲ್ಲವ್ವ” ಎಂದ ಪಂಢರಿ. “ದೇವರ ಭಂಡಾರ ಮುಂದ ಇಟ್ಟುಕೊಂಡು ಮಾಡೋ ಕೆಲಸ. ಬಲಗೈಲೇ ಆಗಬೇಕು.”

“ನಾ ಮೊದಲೇ ಹೇಳಿದ್ದಿಲ್ಲೇನು?” ಎಂದ ಕಾಶೀರಾಮ. “ಬಂದ್ರ ಆತೇನು, ಕೈ ನಡೀಬೇಕಲ್ಲ. ಅವ್ವ, ಆ ಮರಿ ಇತ್ಲಾಗ ಕೊಡು.”

ಜಿಜಾಬಾಯಿ ಮರಿ ಕೊಡಲಿಲ್ಲ. ಸೊಸೆಯ ಮುಂದೆ ನೆಲದ ಮೇಲೆ ಕೂತು, ಮರಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಕಿವಿ ಬಿಡಿಸಿ ಹಿಡಿದಳು. “ಅವತ್ತ ನಿನ್ನ ಮಾತು ಕೇಳಿ ಇಕಿನ್ನ ಹಿಡಿದು ಕೂತಿದ್ದೆ” ಎಂದಳು ಮಗನಿಗೆ. “ಇವತ್ತ ಮರಿ ಹಿಡಿತೇನಿ. ಹಾಕು ಸಖು.”

ಸಖುಬಾಯಿ ಚಾಕು ಹಿಡಿದ ಎಡಗೈಯನ್ನು ಪಂಢರಿಯ ಮುಂದೆ ಚಾಚಿದಳು. ಆಮೇಲೆ ಮೈದುನನ ಕಡೆ ತಿರುಗಿದಳು.

“ನನಗ ಬರಿ ಎಳೆದ್ಯಲ್ಲ ಕಾಶೀರಾಮ, ಅದು ಯಾವ ಕೈ? ಹೇಳು ಹಿರೇರ ಮುಂದ. ಬಲಗೈ ಅಲ್ಲೇನು? ನಿನ್ನ ಬಲಗೈ ಮಾಡಿದ್ದು ಇಲ್ಲಿ ಅದ ನೋಡು, ಎಲ್ಲಾರೂ ನೋಡ್ರಿ” ಎಂದು ಸೆರಗನ್ನು ಹೆಗಲಿನಿಂದ ಸ್ವಲ್ಪ ಸರಿಸಿ, ಜಾಗ ತಪ್ಪಿ ಬಿದ್ದು ಇನ್ನೂ ಉಳಿದಿದ್ದ ಬರೆ ತೋರಿಸಿದಳು. “ಆ ಕೈ ನಡೀತದ, ಇದು ನಡೆಯಂಗಿಲ್ಲೇನು?”

ಕಾಶೀರಾಮನ ಬಲಗೈಯಲ್ಲಿ ಇನ್ನೂ ಚಾಕು ಇತ್ತು. ಪಂಢರಿ ಭಂಡಾರದ ಚೀಲ ಹತ್ತಿರ ಎಳೆದುಕೊಂಡು, “ಹಾಕವ್ವ” ಎಂದ.

ಹಾಕಿದಳು. ಅಡ್ಡಾದಿಡ್ಡಿಯಾಗಿ, ಒಂದೊಂದು ಕಚ್ಚಿಗೂ ಹಲ್ಲು ಕಚ್ಚಿ, ಉಳಿದ ಮರಿಗಳಿಗೆಲ್ಲ ಹಾಕಿದಳು. ಆಗಲೇ ಕಾಶೀರಾಮನ ಗುರುತು ಬಿದ್ದಿದ್ದ ಮರಿಗಳು ಅವನಿಗೇ ಹೋದವು. ಅದನ್ನು ಯಾವ ಹಿರಿಯನೂ ಅನ್ಯಾಯ ಎನ್ನಲಿಲ್ಲ.

ಎಲ್ಲ ಮುಗಿದ ಮೇಲೆ ರೂಢಿಯಂತೆ ಪಂಢರಿ ಎಲ್ಲರ ಮೇಲೂ ಭಂಡಾರ ಎರಚಿದ. ಸಖುಬಾಯಿ ಗಾಯದ ಮೇಲೆ ಸೆರಗು ಒತ್ತಿಕೊಂಡು ಹಿಂದೆ ಸರಿದರೂ ತಲೆಯ ಮೇಲೆ ಒಂದಿಷ್ಟು ಬಿತ್ತು. ಊರು ನೆನಪಿಟ್ಟುಕೊಂಡದ್ದು ಅಷ್ಟನ್ನೇ. ಅವಳು ಆಮೇಲೆ ನಲವತ್ತು ವರ್ಷ ಬದುಕಿ, ಹಿಂಡು ಬೆಳೆಸಿ, ನಮ್ಮಪ್ಪನನ್ನು ಓದಿಸಿ, ಮುದುಕಿಯಾಗಿ ಸತ್ತಳು. ಮುದುಕನಾದ ಕಾಶೀರಾಮ ಕಟ್ಟೆಯ ಮೇಲೆ ಕೂತು, ನಮ್ಮ ವೈನಿಗೆ ನಾನೇ ಬರೆ ಎಳೆದು ಭಂಡಾರ ಹಚ್ಚಿ ಉಳಿಸಿದೆ ಎಂದು ಹೇಳತೊಡಗಿದ. ಡಾಕ್ಟರಮ್ಮ ಇಲ್ಲ, ಖತೀಜಾ ಬೇಗಂ ಇಲ್ಲ, ಮಷೀನಿಲ್ಲ. ಕೊಂದುಬಿಡುತ್ತಿದ್ದವನೇ ಉಳಿಸಿದವನಾದ!

ಇದನ್ನೆಲ್ಲ ಕಾಂತಾಬಾಯಿಯನ್ನು ಎದುರಿಗೆ ಕೂಡಿಸಿಕೊಂಡು ಹೇಳಿದೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಬೀದರಿಗೆ ಹೋಗೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಬೆಳಿಗ್ಗೆ ಅವಳ ಮನೆಗೆ ಹೋದರೆ ಗಂಡ ಬಾಗಿಲಿಗೆ ಅಡ್ಡ ನಿಂತಿದ್ದ.

“ಹೊಲದಾಗ ತೊಗರಿ ರಾಶಿ ಬಿದ್ದದರಿ ಅಕ್ಕೋರ. ಅದು ಮುಗೀಲಿ, ನಾನೇ ಕರ್ಕೊಂಡು ಹೋಗ್ತೇನಿ. ಬರಿ ಹಾಕೇನಿ, ಸ್ವಲ್ಪ ದಿನ ನೋಡೋಣು.”

ಒಳಗೆ ಕಾಂತಾಬಾಯಿ ಚೀಲ ಹಿಡಿದು ನಿಂತಿದ್ದಳು. ಅಜ್ಜಿಯ ಮಾತು ನನ್ನ ಬಾಯಿಗೆ ತಾನಾಗಿಯೇ ಬಂತು.

“ಯಾವ ಕೈಲೆ ಹಾಕಿದ್ರಿ?”

ಅವನು ಒಂದು ಸಲ ತನ್ನ ಬಲಗೈಯನ್ನು ನೋಡಿಕೊಂಡ. ಆಮೇಲೆ ಅದನ್ನು ಬೆನ್ನ ಹಿಂದೆ ಮಾಡಿ ಬಾಗಿಲಿನ ಪಕ್ಕಕ್ಕೆ ನಿಂತ. ಅವನು ಸರಿದ ಜಾಗದಿಂದ ಕಾಂತಾಬಾಯಿ ಹೊರಗೆ ಬಂದಳು.